ವೇದಿಕೆಯ ಮೇಲಿನ ಯಂತ್ರ, ಪರದೆಯ ಮೇಲಿನ ಯಂತ್ರ



‘ರುಕಾವಟ್ ಕೆ ಲಿಯೇ ಖೇದ್ ಹೈ’ ಎಂಬ ಫಲಕದ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ದೂರದರ್ಶನದ ಪ್ರಸಾರ ನಡುವೆ ಕಡಿದುಹೋದಾಗ ಪರದೆಯ ಮೇಲೆ ಬರುತ್ತಿದ್ದ ಆ ಕ್ಷಮಾಪಣೆಯನ್ನು ಅವರು ಮರೆತಿರಲಾರರು. ಮೊದಲೇ ಮುದ್ರಿಸಿಕೊಂಡ ಕಾರ್ಯಕ್ರಮದಲ್ಲಿ ತಪ್ಪಾದರೆ ಆ ಭಾಗವನ್ನು ಕತ್ತರಿಸಿ ಮತ್ತೊಮ್ಮೆ ಚಿತ್ರೀಕರಿಸಬಹುದು. ನೇರ ಪ್ರಸಾರದಲ್ಲಿ ಆ ಅನುಕೂಲವಿಲ್ಲ. ತಂತ್ರಜ್ಞಾನ ಕಂಪನಿಗಳು ತಮ್ಮ ಹೊಸ ಉತ್ಪನ್ನಗಳನ್ನು ಲೋಕಕ್ಕೆ ತೋರಿಸುವ ಸಮಾರಂಭಗಳಲ್ಲಿಯೂ ಇದೇ ಎರಡು ಬಗೆಗಳಿವೆ. ಇವುಗಳಲ್ಲಿ ನಾವು ಯಾವುದನ್ನು, ಎಷ್ಟರಮಟ್ಟಿಗೆ ನಂಬಬೇಕು? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಹೊಸ ಯಂತ್ರವನ್ನು ಜನರ ಕಣ್ಣೆದುರಿಗೇ ನಡೆಸಿ ತೋರಿಸುವ ಪದ್ಧತಿ ಕಂಪ್ಯೂಟರಿಗಿಂತ ಬಹಳ ಹಳೆಯದು. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತರದ ಲಿಫ್ಟಿನ ಮೇಲೆ ತಾನೇ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಕಡಿಸಿದ. ಅವನ ಸುರಕ್ಷಾ ತಡೆ ಕೆಲಸ ಮಾಡಿತು, ಲಿಫ್ಟು ಕೆಳಗೆ ಬೀಳಲಿಲ್ಲ. ಅಲ್ಲಿ ನೆರೆದಿದ್ದವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಕಂಪ್ಯೂಟರ್ ಜಗತ್ತಿನಲ್ಲಿ ಇಂಥ ಧೈರ್ಯಕ್ಕೆ ಸಾಟಿಯಿಲ್ಲದ ಉದಾಹರಣೆ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆಯಿತು. ಡಗ್ಲಸ್ ಎಂಗಲ್‌ಬಾರ್ಟ್ ಎಂಬ ವಿಜ್ಞಾನಿ ಸುಮಾರು ಸಾವಿರ ಮಂದಿ ತಜ್ಞರ ಮುಂದೆ ತೊಂಬತ್ತು ನಿಮಿಷಗಳ ಪ್ರಾತ್ಯಕ್ಷಿಕೆ ನೀಡಿದರು. ಇಂದು ನೀವು ಬಳಸುವ ಮೌಸ್, ಒಂದು ಪದವನ್ನು ಒತ್ತಿದರೆ ಮತ್ತೊಂದು ಪುಟ ತೆರೆಯುವ ವ್ಯವಸ್ಥೆ, ದೂರದಲ್ಲಿದ್ದವರ ಮುಖ ನೋಡುತ್ತ ಒಟ್ಟಿಗೆ ಕೆಲಸ ಮಾಡುವ ವಿಧಾನ ಇವೆಲ್ಲವನ್ನೂ ಅವರು ಅಂದು ನಡೆಸಿ ತೋರಿಸಿದರು. ಸೋಜಿಗದ ಸಂಗತಿಯೆಂದರೆ, ಅವರ ಕಂಪ್ಯೂಟರ್ ಆ ಸಭಾಂಗಣದಲ್ಲಿ ಇರಲೇ ಇಲ್ಲ! ಅದು ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನ ಸಂಶೋಧನಾಲಯದಲ್ಲಿ. ಚಿತ್ರವನ್ನು ಮೈಕ್ರೋವೇವ್ ಸಂಪರ್ಕದ ಮೂಲಕ ಸಾಗಿಸುವ ಏರ್ಪಾಡನ್ನು ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ ನೋಡಿಕೊಂಡಿದ್ದರು. ನಡುವೆ ಒಂದು ಕೊಂಡಿ ಕಳಚಿದ್ದರೂ ಸಭಿಕರ ಎದುರಿಗೆ ಉಳಿಯುತ್ತಿದ್ದುದು ಬರಿಯ ಬಿಳಿ ಪರದೆ ಮಾತ್ರ. ಹಾಗಾಗಲಿಲ್ಲ. ಕೊನೆಯಲ್ಲಿ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ದಿನ ಯಾರೋ ಅದನ್ನು ಚಿತ್ರೀಕರಿಸಿಕೊಂಡಿದ್ದರಿಂದಲೇ ಇಂದು ನಾವೂ ನೋಡಬಹುದಾಗಿದೆ. ಆದ್ದರಿಂದ ಮುದ್ರಣವನ್ನು ಒಮ್ಮೆಲೇ ದೂಷಿಸುವುದು ಸರಿಯಲ್ಲ.

ಹಾಗಾದರೆ ನೇರವಾಗಿ ತೋರಿಸಿದ್ದೆಲ್ಲವೂ ನಿಜವೇ? ಇಲ್ಲಿ ಸ್ವಲ್ಪ ಎಚ್ಚರ ಬೇಕು. 1984ರ ಜನವರಿ 24ರಂದು ಸ್ಟೀವ್ ಜಾಬ್ಸ್ ಚೀಲದಿಂದ ಹೊರತೆಗೆದ ಮೆಕಿಂತಾಷ್ ತಾನೇ ಮಾತನಾಡಿ ಸಭೆಯನ್ನು ಬೆರಗುಗೊಳಿಸಿತು. ಆದರೆ ವೇದಿಕೆಯ ಮೇಲಿದ್ದ ಯಂತ್ರದ ಸ್ಮೃತಿ 512 ಕಿಲೋಬೈಟ್. ಅಂಗಡಿಗೆ ಬಂದ ಯಂತ್ರದ್ದು ಕೇವಲ 128.

2007ರ ಜನವರಿ 9ರ ಐಫೋನ್ ಪ್ರದರ್ಶನವಂತೂ ಇನ್ನೂ ಸ್ವಾರಸ್ಯಕರ. ಆ ತಂಡದ ಇಂಜಿನಿಯರುಗಳೇ ಮುಂದೆ ಬಹಿರಂಗಪಡಿಸಿರುವಂತೆ, ಅಂದು ಜಾಬ್ಸ್ ಕೈಯಲ್ಲಿದ್ದುದು ಅರೆಬೆಂದ ಫೋನು. ಮೊದಲು ಇ-ಮೇಲ್ ಕಳುಹಿಸಿ ಆಮೇಲೆ ಅಂತರಜಾಲ ನೋಡಿದರೆ ನಡೆಯುತ್ತಿತ್ತು, ಕ್ರಮ ತಿರುಗುಮುರುಗಾದರೆ ನಿಂತುಹೋಗುವ ಸಂಭವವಿತ್ತು. ಕೆಡದಂತೆ ನಡೆಸಬಹುದಾದ ಒಂದು ಕ್ರಮವನ್ನು ಹುಡುಕಿ, ಅದಕ್ಕೆ ‘ಸುವರ್ಣ ಪಥ’ ಎಂದು ಹೆಸರಿಟ್ಟು, ಜಾಬ್ಸ್ ಅದನ್ನೇ ಅಭ್ಯಾಸ ಮಾಡಿದರು. ಸಂಕೇತದ ಬಲ ಎಷ್ಟೇ ಇರಲಿ, ಐದು ಗೆರೆಗಳೂ ತುಂಬಿ ಕಾಣುವಂತೆ ಫೋನನ್ನು ಮೊದಲೇ ಸಿದ್ಧಪಡಿಸಲಾಗಿತ್ತು. ಒಂದು ಫೋನು ಸುಸ್ತಾದರೆ ಇರಲೆಂದು ಬೇರೆ ಫೋನುಗಳೂ ವೇದಿಕೆಯ ಮೇಲಿದ್ದವು. ಇದನ್ನು ಮೋಸವೆನ್ನಬೇಕೇ? ಐದು ಗೆರೆಗಳ ವಿಷಯವನ್ನು ನಾನು ಮೋಸವೆಂದೇ ಕರೆಯುತ್ತೇನೆ. ಉಳಿದದ್ದು ರಂಗಸ್ಥಳದ ಜಾಣ್ಮೆ. ಅದೇ ವರ್ಷ ಜೂನ್ 29ರಂದು ಮಾರಾಟಕ್ಕೆ ಬಂದ ಫೋನು, ತೋರಿಸಿದ ಕೆಲಸಗಳನ್ನು ಮಾಡಿತು ಎಂಬುದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಡವಿದವರೂ ಕಡಿಮೆಯೇನಿಲ್ಲ. 1998ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಬಿಲ್ ಗೇಟ್ಸ್ ಎದುರಿನಲ್ಲೇ ವಿಂಡೋಸ್ 98 ನೀಲಿ ಪರದೆ ತೋರಿಸಿ ಕೈಕೊಟ್ಟಿತು. 2019ರ ನವೆಂಬರಿನಲ್ಲಿ ಟೆಸ್ಲಾ ಕಂಪನಿಯ ‘ಒಡೆಯದ’ ಕಿಟಕಿ ಗಾಜು ಉಕ್ಕಿನ ಗುಂಡು ತಾಗಿ ಬಿರುಕುಬಿಟ್ಟಿತು.

2020ರಲ್ಲಿ ಕೋವಿಡ್ ಸಭಾಂಗಣಗಳನ್ನು ಮುಚ್ಚಿಸಿತು. ಆ ವರ್ಷ ಜೂನ್ 22ರಂದು ಆಪಲ್ ಕಂಪನಿ ತನ್ನ ವಾರ್ಷಿಕ ಸಮಾವೇಶದ ಪ್ರಧಾನ ಭಾಷಣವನ್ನು ಮೊದಲೇ ಚಿತ್ರೀಕರಿಸಿದ ಸಿನಿಮಾದಂತೆ ಪ್ರಸಾರ ಮಾಡಿತು. ತಡವರಿಕೆ ಇಲ್ಲ, ನೀರು ಕುಡಿಯಲು ನಿಲ್ಲುವುದಿಲ್ಲ, ಸಂಪರ್ಕ ಕಡಿಯುವ ಭಯವಿಲ್ಲ. 2022ರಲ್ಲಿ ಆಹ್ವಾನಿತರು ಮತ್ತೆ ಬಂದು ಕುಳಿತರು. ಆದರೆ ಅವರೂ ನೋಡಿದ್ದು ಪರದೆಯ ಮೇಲಿನ ಚಿತ್ರವನ್ನೇ!

ಚಿತ್ರವು ಅಂದವಾಗಿರುವುದರಲ್ಲಿ ತಪ್ಪೇನೂ ಇಲ್ಲ. ತೊಡಕು ಬರುವುದು ಕಾಲವನ್ನು ಕತ್ತರಿಸಿದಾಗ. 2023ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಜೆಮಿನೈ ಎಂಬ ಕೃತಕ ಬುದ್ಧಿಮತ್ತೆಯ ಚಿತ್ರವೊಂದನ್ನು ಹೊರತಂದಿತು. ಮನುಷ್ಯ ಬಾತುಕೋಳಿಯ ಚಿತ್ರ ಬರೆಯುತ್ತ ಹೋದಂತೆ ಯಂತ್ರ ಥಟ್ಟನೆ ಮಾತನಾಡುತ್ತಿತ್ತು. ವಾಸ್ತವದಲ್ಲಿ ಯಂತ್ರಕ್ಕೆ ಕೊಟ್ಟದ್ದು ಬಿಡಿ ಛಾಯಾಚಿತ್ರಗಳು ಮತ್ತು ಬರಹದ ಪ್ರಶ್ನೆಗಳು. ಉತ್ತರಕ್ಕೆ ಕಾಯುವ ಅವಧಿಯನ್ನು ಮೊಟಕುಗೊಳಿಸಲಾಗಿತ್ತು. ಕಂಪನಿಯೇ ಇದನ್ನು ಒಪ್ಪಿಕೊಂಡಿತು. ಕೃತಕ ಬುದ್ಧಿಮತ್ತೆಯಲ್ಲಿ ಎಷ್ಟು ಬೇಗ ಉತ್ತರ ಬರುತ್ತದೆ ಎಂಬುದೇ ಯಂತ್ರದ ಅರ್ಧ ಗುಣ. ಅದನ್ನು ಸಂಕಲನಕಾರನ ಕತ್ತರಿಗೆ ಒಪ್ಪಿಸಿದರೆ ನೋಡುಗನಿಗೆ ಉಳಿಯುವುದೇನು?

2024ರ ಆಗಸ್ಟಿನಲ್ಲಿ ಅದೇ ಗೂಗಲ್ ಪ್ರಾತ್ಯಕ್ಷಿಕೆಗಳನ್ನು ಮತ್ತೆ ವೇದಿಕೆಗೆ ತಂದಿತು. ಅಧಿಕಾರಿಯೊಬ್ಬರು ಸಂಗೀತ ಕಛೇರಿಯ ಭಿತ್ತಿಪತ್ರದ ಚಿತ್ರ ತೆಗೆದು ಫೋನಿಗೆ ಪ್ರಶ್ನೆ ಕೇಳಿದರು. ಎರಡು ಸಲ ಉತ್ತರವಿಲ್ಲ. ಬೇರೆ ಫೋನು ತರಿಸಿ ಮೂರನೆಯ ಸಲ ಕೇಳಿದಾಗ ಬಂತು. ಸಭಿಕರು ಚಪ್ಪಾಳೆ ತಟ್ಟಿದರು. ನನಗಂತೂ ಆ ಮೂರನೆಯ ಉತ್ತರದಲ್ಲಿ ಹೆಚ್ಚು ನಂಬಿಕೆ.

ಇನ್ನೊಂದು ಘಟನೆ. 2025ರ ಸೆಪ್ಟೆಂಬರ್ 17ರಂದು ಮೆಟಾ ಕಂಪನಿ ತನ್ನ ಹೊಸ ಕನ್ನಡಕಗಳನ್ನು ಪ್ರದರ್ಶಿಸಿತು. ಬಾಣಸಿಗನೊಬ್ಬ ಅಡುಗೆಯ ಕ್ರಮ ಕೇಳಿದರೆ, ಇನ್ನೂ ಬೆರೆಸದ ಸಾಮಗ್ರಿಯನ್ನು ಆಗಲೇ ಬೆರೆಸಿದ್ದೀರಿ ಎಂದಿತು ಕನ್ನಡಕ. ವೇದಿಕೆಯ ಮೇಲೆ ವೈ-ಫೈಯನ್ನು ದೂರಿದ್ದಾಯಿತು. ಕಾರಣ ಅದಲ್ಲವೆಂದು ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಆಂಡ್ರ್ಯೂ ಬಾಸ್ವರ್ತ್ ಅನಂತರ ವಿವರಿಸಿದರು. ಬಾಣಸಿಗನ ಆದೇಶ ಕೇಳಿ ಆ ಕಟ್ಟಡದಲ್ಲಿದ್ದ ಎಲ್ಲ ಕನ್ನಡಕಗಳೂ ಒಮ್ಮೆಲೇ ಎಚ್ಚೆತ್ತು, ಒಂದೇ ಸರ್ವರಿನ ಮೇಲೆ ಮುಗಿಬಿದ್ದಿದ್ದವು. ತಾಲೀಮಿನಲ್ಲಿ ಅಷ್ಟು ಕನ್ನಡಕಗಳು ಇರಲಿಲ್ಲವಾದ್ದರಿಂದ ಈ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದು ನಡೆದದ್ದು ಮೆನ್ಲೊ ಪಾರ್ಕಿನಲ್ಲಿ, 1968ರಲ್ಲಿ ಎಂಗಲ್‌ಬಾರ್ಟ್ ಅವರ ಕಂಪ್ಯೂಟರ್ ಇದ್ದ ಅದೇ ಊರಿನಲ್ಲಿ.