ಸಮೀಪದೃಷ್ಟಿ, ಅಲ್ಪ ಸಿಲಿಂಡರ್ ಪವರ್ ಇದ್ದವರಿಗೆ ಮೃದು ಕಾಂಟ್ಯಾಕ್ಟ್ ಲೆನ್ಸ್: ಮಲೆನಾಡಿನ ಸಂದರ್ಭ

ದೂರದ್ದು ಮಸುಕಾಗುವ ಸಮೀಪದೃಷ್ಟಿಯ ಜೊತೆಗೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದಿದ್ದರೆ ಕನ್ನಡಕದ ಚೀಟಿಯಲ್ಲಿ ಮೈನಸ್ ನಂಬರಿನ ಪಕ್ಕ ‘ಸಿಲಿಂಡರ್’, ‘ಆಕ್ಸಿಸ್’ ಬರೆದಿರುತ್ತಾರೆ. ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ತರ್ಲೆ 1961ರಲ್ಲಿ ತಯಾರಿಸಿ ತೋರಿಸಿದ ಮೃದು ಲೆನ್ಸ್ ಕಾರ್ನಿಯಾದ ಆಕಾರಕ್ಕೇ ಬಾಗಿ ಕೂರುತ್ತದೆ. ತೊಡಲು ಹಿತ; ಅದೇ ಕಾರಣಕ್ಕೆ ಸಾದಾ ಲೆನ್ಸಿನಿಂದ ಸಿಲಿಂಡರ್ ದೋಷ ಹೋಗುವುದಿಲ್ಲ.

ಸಿಲಿಂಡರ್ 0.50ರ ಆಸುಪಾಸಿನಲ್ಲಿದ್ದರೆ ಅದರ ಅರ್ಧವನ್ನು ಮೈನಸ್ ನಂಬರಿಗೆ ಸೇರಿಸಿ ಸಾದಾ ಲೆನ್ಸ್ ಕೊಡುವುದು ರೂಢಿ: ಮೈನಸ್ 3.00, ಸಿಲಿಂಡರ್ ಮೈನಸ್ 0.50 ಇದ್ದವರಿಗೆ ಮೈನಸ್ 3.25. ನಂಬರ್ 4.00 ದಾಟಿದರೆ ಕನ್ನಡಕಕ್ಕೂ ಕಣ್ಣಿಗೂ ಇರುವ ಅಂತರವೂ ಲೆಕ್ಕಕ್ಕೆ ಬರುತ್ತದೆ. ಕನ್ನಡಕದ ಮೈನಸ್ 5.00 ಲೆನ್ಸಿನಲ್ಲಿ ಸುಮಾರು ಮೈನಸ್ 4.75. ಕನ್ನಡಕದ ಚೀಟಿಯನ್ನೇ ತೋರಿಸಿ ಲೆನ್ಸ್ ಕೊಳ್ಳಬಾರದು ಎನ್ನುವುದು ಇದಕ್ಕೇ.

ಸಿಲಿಂಡರ್ 0.75 ಮುಟ್ಟಿದರೆ ಸಿಲಿಂಡರ್ ದೋಷವನ್ನೂ ತಿದ್ದುವ ಟೋರಿಕ್ ಲೆನ್ಸ್ ಹಾಕಿ ನೋಡುವುದು ಒಳ್ಳೆಯದು. ರಾತ್ರಿ ಆಗುಂಬೆ ಘಾಟಿಯಲ್ಲಿ ಎದುರು ವಾಹನದ ದೀಪ ಗೆರೆಗೆರೆಯಾಗಿ ಚದುರಿ ಕಾಣುವವರಿಗಂತೂ ಸಾದಾ ಲೆನ್ಸ್ ಸಾಲದು. ಟೋರಿಕ್ ಲೆನ್ಸ್ ಕಣ್ಣಿನ ಮೇಲೆ ತಿರುಗಬಾರದು. 10 ಡಿಗ್ರಿ ತಿರುಗಿದರೂ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ದೋಷ ಉಳಿಯುತ್ತದೆ. ಪರೀಕ್ಷಕರು ಲೆನ್ಸ್ ಹಾಕಿಸಿ, ಸ್ವಲ್ಪ ಹೊತ್ತು ಕಾಯಿಸಿ, ಅದರ ಮೇಲಿನ ಗುರುತು ಎಲ್ಲಿ ನಿಂತಿದೆಯೆಂದು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದನ್ನು ನೋಡದೆ ಕೊಡುವ ಟೋರಿಕ್ ಲೆನ್ಸನ್ನು ಒಪ್ಪಿಕೊಳ್ಳಬೇಡಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪವರ್‌ನಷ್ಟೇ ಮುಖ್ಯವಾದದ್ದು ನೀರು. ಬಾವಿ, ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ, ತುಂಗೆ, ಶರಾವತಿ ಹಿನ್ನೀರು, ಎಷ್ಟು ತಿಳಿಯಾಗಿದ್ದರೂ ಯಾವುದೂ ಲೆನ್ಸಿಗೆ ಸಲ್ಲದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನ ಅಡಿ ಸೇರಿದರೆ ಕಾರ್ನಿಯಾವನ್ನೇ ಹುಣ್ಣು ಮಾಡಬಹುದು. ಡಬ್ಬಿ, ದ್ರಾವಣ ಯಾವುದೂ ಬೇಡದ, ದಿನಕ್ಕೊಂದು ಜೊತೆ ಬಳಸಿ ಎಸೆಯುವ ಲೆನ್ಸ್ ದುಬಾರಿಯಾದರೂ ಇಲ್ಲಿಗೆ ಅದೇ ಸರಿ. ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿಯೇ ಮುಟ್ಟಬೇಕು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಅಡಕೆ ಸುಲಿಯುವಾಗ, ಹಂಡೆಯ ಒಲೆ ಊದುವಾಗ ಲೆನ್ಸ್ ಬೇಡ, ಕನ್ನಡಕವೇ ಇರಲಿ. ಬೋರ್ಡೋದಲ್ಲಿ ಮೈಲುತುತ್ತದ ಜೊತೆ ಕಣ್ಣು ಸುಡುವ ಸುಣ್ಣವಿದೆ. ಸೋಗೆ, ಸಿಪ್ಪೆ ಗೀರಿದ ಕಣ್ಣಿಗೆ ಶಿಲೀಂಧ್ರ ಸೇರುವುದು ಸುಲಭ.

ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತಕ್ಷಣ ತೆಗೆದು, ಔಷಧಿ ಅಂಗಡಿಯ ಸ್ಟೀರಾಯ್ಡ್ ಹನಿ ಹಾಕಿಕೊಳ್ಳದೆ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಶಿವಮೊಗ್ಗದ ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ತೆಗೆದ ಲೆನ್ಸನ್ನು ಎಸೆಯದೆ ಜೊತೆಗೆ ಒಯ್ದರೆ ಅದರಿಂದಲೇ ಸೋಂಕು ಯಾವುದೆಂದು ಪತ್ತೆಹಚ್ಚಲು ನೆರವಾಗುತ್ತದೆ.