ಆಂಗಲ್ ಕೊಟ್ಟ ಅಳತೆಗೋಲು

ಸೊಟ್ಟ ಹಲ್ಲಿಗೆ ಕ್ಲಿಪ್ಪು ಹಾಕುವ ವಿದ್ಯೆ ಅಮೆರಿಕದ ಎಡ್ವರ್ಡ್ ಆಂಗಲ್‌ನಿಂದ (1855–1930) ಶುರುವಾದದ್ದಲ್ಲ. ಹಲ್ಲಿನ ಸಾಲಿಗೆ ಲೋಹದ ಪಟ್ಟಿ ಕಟ್ಟಿ ನೇರಗೊಳಿಸುವ ಕ್ರಮವನ್ನು ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ ಬರೆದಿಟ್ಟಿದ್ದ. ಆದರೂ ಈ ಶಾಸ್ತ್ರದ ಪಿತಾಮಹನೆಂಬ ಹೆಸರು ಆಂಗಲ್‌ಗೆ ಸಂದದ್ದು ನ್ಯಾಯವೇ. ಹಿಂದಿನವರ ಕಣ್ಣಿಗೆ ಬಿದ್ದದ್ದು ಒಂದೊಂದು ಸೊಟ್ಟ ಹಲ್ಲು. ಆತ ನೋಡಿದ್ದು ಎರಡು ಸಾಲುಗಳು ಒಂದನ್ನೊಂದು ಕಚ್ಚಿಕೊಳ್ಳುವ ಬಗೆಯನ್ನು. ಆರರ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲನ್ನು ಗುರುತುಕಲ್ಲಾಗಿ ಹಿಡಿದು 1899ರಲ್ಲಿ ಆತ ಮೂರು ವರ್ಗ ಮಾಡಿದ. ಮೇಲಿನ ದವಡೆಹಲ್ಲಿನ ಮುಂದಿನ ಮೊನೆ ಕೆಳಗಿನದರ ಹೊರಮೈ ತೋಡಿನಲ್ಲಿ ಕೂತರೆ ಒಂದನೆಯದು, ಕೆಳಗಿನದು ಹಿಂದೆ ಸರಿದಿದ್ದರೆ ಎರಡನೆಯದು, ಮುಂದೆ ಬಂದಿದ್ದರೆ ಮೂರನೆಯದು. ಒಬ್ಬ ವೈದ್ಯ ಕಂಡದ್ದನ್ನು ದೂರದ ಇನ್ನೊಬ್ಬನಿಗೆ ಎರಡು ಮಾತಿನಲ್ಲಿ ತಿಳಿಸಲು ಸಾಧ್ಯವಾದದ್ದು ಆಗಲೇ. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಈ ಶಾಸ್ತ್ರವೊಂದಕ್ಕೇ ಮೀಸಲಾದ ಶಾಲೆ ತೆರೆದ.

ಈ ವಿಂಗಡಣೆ ಅರೆಬರೆ ಎಂಬ ಆಕ್ಷೇಪ ಹಳೆಯದು. ಅದು ಹಿಂದುಮುಂದಿನ ಸರಿತವನ್ನಷ್ಟೇ ಅಳೆಯುತ್ತದೆ. ದೋಷ ಹಲ್ಲಿನದೋ ಮೂಳೆಯದೋ ಹೇಳುವುದಿಲ್ಲ. ನಿಜ. ಆದರೆ ತಲೆಬುರುಡೆಯನ್ನು ಎಕ್ಸ್‌ರೇಯಲ್ಲಿ ಕರಾರುವಾಕ್ಕಾಗಿ ಅಳೆಯುವ ವಿಧಾನ ಪ್ರಕಟವಾದದ್ದು 1931ರಲ್ಲಿ, ಆಂಗಲ್ ತೀರಿಕೊಂಡ ಮರುವರ್ಷ. ಹಲ್ಲುಗಳ ಪ್ಲಾಸ್ಟರ್ ಅಚ್ಚನ್ನಷ್ಟೇ ಕೈಯಲ್ಲಿ ಹಿಡಿದವನಿಂದ ಅದಕ್ಕಿಂತ ಹೆಚ್ಚು ಕೇಳುವುದು ತರವಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಲ್ಲು ಕಿತ್ತು ಜಾಗ ಮಾಡುವುದನ್ನು ಆಂಗಲ್ ಒಪ್ಪಲಿಲ್ಲ. ಎಲ್ಲ ಹಲ್ಲುಗಳೂ ಉಳಿದರೇ ಕಚ್ಚುವಿಕೆಯೂ ಮುಖವೂ ಸರಿಹೋಗುತ್ತವೆಂದು ಹಟ ಹಿಡಿದ. ಕೆಲವು ಬಾಯಿಗಳಲ್ಲಿ ಕೀಳದೆ ದಾರಿಯಿಲ್ಲವೆಂದ ಕ್ಯಾಲ್ವಿನ್ ಕೇಸ್‌ನ ವಾದಕ್ಕೆ 1911ರ ದೊಡ್ಡ ಚರ್ಚೆಯಲ್ಲಿ ಆಂಗಲ್‌ನ ಕಡೆಯವರು ಕಿವಿಗೊಡಲಿಲ್ಲ. ಇಕ್ಕಟ್ಟಾದ ದವಡೆಯಲ್ಲಿ ಹಿಗ್ಗಿಸಿ ಕೂರಿಸಿದ ಹಲ್ಲುಗಳು ಮುಂದಕ್ಕೆ ಬಾಗಿದವು, ಎಷ್ಟೋ ಮತ್ತೆ ಸೊಟ್ಟಗಾದವು. ಅದರ ಬೆಲೆ ತೆತ್ತವರು ರೋಗಿಗಳು. ಈ ತಪ್ಪನ್ನು ಗುರುಭಕ್ತಿಯಿಂದ ಮುಚ್ಚಬಾರದು. ಆದರೆ ತಿದ್ದಿದವರು ಯಾರು? ಆಂಗಲ್‌ನ ಶಿಷ್ಯರೇ. ಅರಿಜೋನಾದ ಚಾರ್ಲ್ಸ್ ಟ್ವೀಡ್ ತಾನು ಚಿಕಿತ್ಸೆ ಕೊಟ್ಟವರನ್ನೇ ಮತ್ತೆ ಕರೆಸಿ, ಮುಂದವಡೆ ಹಲ್ಲುಗಳನ್ನು ಕಿತ್ತು ಸರಿಪಡಿಸಿ, 1940ರಲ್ಲಿ ಫಲಿತಾಂಶವನ್ನು ಸಹವೈದ್ಯರ ಮುಂದಿಟ್ಟ. ಆಸ್ಟ್ರೇಲಿಯಾದ ರೇಮಂಡ್ ಬೆಗ್ ಕೂಡ ಅದೇ ನಿಲುವಿಗೆ ಬಂದ. ಗುರುವನ್ನು ಮೀರಲು ಟ್ವೀಡ್‌ಗೆ ಒದಗಿದ ಸಲಕರಣೆ ಗುರುವಿನದೇ. 1925ರ ಸುಮಾರಿಗೆ ಆಂಗಲ್ ರೂಪಿಸಿದ, ಹಲ್ಲಿಗೆ ತಂತಿ ಹಿಡಿಸುವ ಬ್ರಾಕೆಟ್‌ನ ಅಡ್ಡ ಸೀಳಿನಲ್ಲಿ ಚೌಕೋನ ತಂತಿ ಅಂಚಿನ ಮೇಲೆ ಕೂರುತ್ತದೆ. ದುಂಡು ತಂತಿ ಸೀಳಿನೊಳಗೆ ಹೊರಳುತ್ತದೆ; ಚೌಕೋನ ತಂತಿ ಹೊರಳದೆ ಬಿಗಿ ಹಿಡಿದು ಹಲ್ಲಿನ ಬೇರನ್ನೂ ತಿರುಗಿಸುತ್ತದೆ. ಕಿತ್ತ ಜಾಗವನ್ನು ಹಲ್ಲು ವಾಲದಂತೆ ಮುಚ್ಚಲು ಬೇಕಾದದ್ದು ಈ ಹಿಡಿತವೇ.

ಆಂಗಲ್‌ನ ಹಟ ಬಿದ್ದುಹೋಯಿತು, ಅಳತೆ ಉಳಿಯಿತು. ನಮ್ಮ ದಂತವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ರೋಗಿಯ ಬಾಯಿ ನೋಡಿ ಬರೆಯುವುದು ಆಂಗಲ್‌ನ ಒಂದು, ಎರಡು ಅಥವಾ ಮೂರನೆಯ ವರ್ಗವೆಂದೇ.