ಮನೆಯ ಹಣ ಸುರಿದು ಯುದ್ಧ ಮಾಡಿದ ಸ್ಪಿನೋಲಾ

ಸ್ಪೇನ್ ದೇಶದ ಹೆಸರಾಂತ ಸೇನಾಪತಿ ಅಂಬ್ರೋಜಿಯೊ ಸ್ಪಿನೋಲಾ (1569–1630) ಹುಟ್ಟಿದ್ದು ಇಟಲಿಯ ಜಿನೋವಾದಲ್ಲಿ. ಅವನದು ಲೇವಾದೇವಿಗೆ ಹೆಸರಾದ ಸಿರಿವಂತ ಮನೆತನ. ಮೂವತ್ತು ದಾಟುವವರೆಗೂ ಅವನು ರಣರಂಗ ಕಂಡವನಲ್ಲ.

ತಮ್ಮ ಫೆಡೆರಿಕೊ ಆಗಲೇ ಸ್ಪೇನ್ ದೊರೆಯ ನೌಕಾಸೇವೆಯಲ್ಲಿದ್ದ. 1602ರಲ್ಲಿ ಅಂಬ್ರೋಜಿಯೊ ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿ, ಡಚ್ಚರ ವಿರುದ್ಧ ಹೋರಾಡಲು ನೆದರ್‌ಲ್ಯಾಂಡ್ಸ್‌ಗೆ ನಡೆದ. ಮರುವರ್ಷ ಫೆಡೆರಿಕೊ ಸಮುದ್ರಯುದ್ಧದಲ್ಲಿ ಮಡಿದ. ಅಣ್ಣ ಹಿಂದೆ ಸರಿಯಲಿಲ್ಲ. ಮೂರು ವರ್ಷಗಳಿಂದ ಮುತ್ತಿಗೆಯಲ್ಲಿದ್ದ ಓಸ್ಟೆಂಡ್ ಪಟ್ಟಣ 1604ರಲ್ಲಿ ಅವನಿಗೆ ಶರಣಾಯಿತು.

1592ರಲ್ಲಿ ಮದುವೆಯಾದ ಜೊವಾನ್ನಾ ಬಾಚಾದೊನ್ನೆ ಅವನ ಪತ್ನಿ. ಮಕ್ಕಳಲ್ಲಿ ಅಗೊಸ್ತಿನೊ 1621ರಲ್ಲಿ ಕಾರ್ಡಿನಲ್ ಆದ. ಫಿಲಿಪ್ಪೊ ತಂದೆಯ ಪದವಿಗೆ ವಾರಸುದಾರನಾದ. ಮಗಳು ಪೊಲಿಸ್ಸೇನಾ ಸ್ಪೇನಿನ ಸೇನಾನಿ ಲೆಗಾನೆಸ್‌ನ ಕೈಹಿಡಿದಳು.

1625ರಲ್ಲಿ ಬ್ರೆಡಾ ಕೋಟೆ ಶರಣಾಯಿತು. ಸೋತ ಅಧಿಕಾರಿಯ ಹೆಗಲ ಮೇಲೆ ಸ್ಪಿನೋಲಾ ಕೈಯಿಟ್ಟು ಆದರಿಸುವ ದೃಶ್ಯವನ್ನು ಚಿತ್ರಕಾರ ವೆಲಾಸ್ಕೆಸ್ ಮುಂದೆ ಚಿತ್ರಿಸಿದ. ಆ ಚಿತ್ರ ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯದಲ್ಲಿದೆ.

ಸೈನಿಕರ ಸಂಬಳಕ್ಕೆ ಮನೆತನದ ಆಸ್ತಿಯೇ ಆಧಾರವಾಗಿತ್ತು. ದೊರೆಗೆ ಕೊಟ್ಟ ಸಾಲ ಪೂರ್ತಿ ಮರಳಲಿಲ್ಲ. 1630ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕಸಾಲೆ ಕೋಟೆಯ ಮುತ್ತಿಗೆ ನಡೆದಿರುವಾಗಲೇ ಸ್ಪಿನೋಲಾ ತೀರಿಕೊಂಡ. ಗೆಲುವಿನ ಕೀರ್ತಿ ಸ್ಪೇನಿಗೆ ಸಂದಿತು, ಖರ್ಚಿನ ಹೊರೆ ಅವನ ಮನೆಗೆ ಉಳಿಯಿತು.